ಟೈಪಿಂಗ್ ಮೇಷ್ಟ್ರು ಮತ್ತು ಕೆಂಪು ಬೋರಿಂಗ್

ನಮ್ಮೂರಲ್ಲಿ ನೀರಿಗೆ ಎರಡು ದಾರಿ. ಒಂದು ಹನುಮಪ್ಪನ ಗುಡಿ ಮುಂದಿನ ಬೋರಿಂಗ್, ಅಂದರೆ ಕೈಪಂಪು. ಎಷ್ಟೊತ್ತಿಗೆ ಹೋಗಿ ಒತ್ತಿದರೂ ನೀರು ಕೊಡುತ್ತದೆ. ಇನ್ನೊಂದು ನಳ. ನದಿಯ ನೀರು ಪೈಪಿನಲ್ಲಿ ಬಂದು, ಟ್ಯಾಂಕಿಗೆ ಏರಿ, ಎರಡು ದಿನಕ್ಕೊಮ್ಮೆ ತನಗೆ ಮನಸ್ಸು ಬಂದಾಗ ಇಳಿಯುತ್ತದೆ. ಎರಡು ಸಾವಿರದ ಏಳನೇ ಇಸವಿಯಲ್ಲಿ ಒಂದು ಮಧ್ಯಾಹ್ನ ಇಬ್ಬರು ಜೀಪಿನಲ್ಲಿ ಬಂದರು. ಬೋರಿಂಗಿನ ಮೈಗೆಲ್ಲ ಕೆಂಪು ಬಣ್ಣ ಬಳಿದರು, ಚಹಾ ಕುಡಿದರು, ಹೋದರು. ಯಾಕೆ ಬಳಿದಿರಿ ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ನೋಡಲು ಚಂದ ಇರಲಿ ಎಂದು ಬಳಿದಿರಬೇಕು ಅಂದುಕೊಂಡವರಲ್ಲಿ ನಾನೂ ಒಬ್ಬಳು. ಸುಳ್ಳೇಕೆ ಹೇಳಲಿ.

ಹತ್ತು ತಿಂಗಳು ಕಳೆದ ಮೇಲೆ ನಮ್ಮ ಆರೋಗ್ಯ ಸಹಾಯಕಿ ಸುಮಂಗಲಾ ಸಿಸ್ಟರ್ ಬಂದು ಮನೆಮನೆಗೆ ಹೇಳಿದಳು. ಕೆಂಪು ಬಣ್ಣ ಇದ್ದರೆ ಆ ನೀರಿನಲ್ಲಿ ಹಲ್ಲು, ಎಲುಬು ಕೆಡಿಸುವಷ್ಟು ಫ್ಲೋರೈಡ್ ಇದೆ ಎಂದರ್ಥ, ಕುಡಿಯಬಾರದು, ಅಡುಗೆಗೆ ಹಾಕಬಾರದು, ಬಟ್ಟೆ ತೊಳೆಯಲು ಅಡ್ಡಿಯಿಲ್ಲ ಎಂದಳು. ಅರ್ಧ ಊರು ಕೊಡ ಹೊತ್ತು ನಳದ ಕಡೆ ತಿರುಗಿತು. ಉಳಿದರ್ಧವೂ ತಿರುಗುತ್ತಿತ್ತು, ನಮ್ಮ ಟೈಪಿಂಗ್ ಮೇಷ್ಟ್ರು ಅಡ್ಡ ಬರದಿದ್ದರೆ.

ಮೇಷ್ಟ್ರ ಹೆಸರು ಗುರುಸಂಗಪ್ಪ. ನನ್ನ ಪಕ್ಕದ ಮನೆಯವರು. ಕೊಟ್ಟೂರಿನಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಟೈಪಿಂಗ್ ಕಲಿಸಿದವರು. ಕಂಪ್ಯೂಟರ್ ಬಂದು ಟೈಪಿಂಗ್ ಕಲಿಯುವವರೇ ಇಲ್ಲವಾದಾಗ ಇನ್‌ಸ್ಟಿಟ್ಯೂಟ್ ಮುಚ್ಚಿ, ಒಂದು ಮಷಿನ್ನನ್ನು ಮಾತ್ರ ಮನೆಗೆ ತಂದು ಜಗುಲಿಯ ಮೇಲೆ ಇಟ್ಟುಕೊಂಡರು. ಒಳ್ಳೆಯ ಟೈಪಿಸ್ಟ್ ಅರ್ಥದ ಗೊಡವೆಗೆ ಹೋಗಬಾರದು, ಅರ್ಥ ನೋಡುತ್ತ ಕೂತರೆ ವೇಗ ತಗ್ಗುತ್ತದೆ ಎಂದು ಅವರು ತಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರಂತೆ. ಕಾಗದದಿಂದ ಕಣ್ಣಿಗೆ, ಕಣ್ಣಿಂದ ಬೆರಳಿಗೆ, ತಲೆಗೆ ಕೆಲಸ ಇಲ್ಲ. ಅವರು ಮೊದಲು ಅದನ್ನು ತಾವೇ ಪಾಲಿಸಿದರು.

ಇಂಥವರು ಒಂದು ದಿನ ಕೊಟ್ಟೂರು ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್‌ನೆಟ್ ಅಂಗಡಿಗೆ ಹೊಕ್ಕರು. ಅಲ್ಲಿ ಅವರಿಗೆ ಒಂದು ಕಟ್ಟೆ ಸಿಕ್ಕಿತು. ನಮ್ಮೂರ ಕಟ್ಟೆಯಂಥದ್ದೇ, ಆದರೆ ಕಂಪ್ಯೂಟರಿನೊಳಗೆ. ದೇಶ ದೇಶದ ಜನ ಅಲ್ಲಿ ಕೂತು ಟೈಪ್ ಮಾಡಿ ಜಗಳಾಡುತ್ತಾರೆ. ಚಂದ್ರನ ಮೇಲೆ ಮನುಷ್ಯ ಇಳಿದದ್ದು ನಿಜವೋ ಸುಳ್ಳೋ, ಪತ್ರಿಕೆಯವರು ಯಾವ ಸುದ್ದಿ ನುಂಗಿದರು, ಮೊಬೈಲ್ ಟವರಿನಿಂದ ಗುಬ್ಬಿ ಸತ್ತವೋ ಹೇಗೆ, ಸರಕಾರ ಏನೇನು ಮುಚ್ಚಿಟ್ಟಿದೆ, ಇಂಥವೇ ಮಾತು. ಯಾರಿಗೂ ಯಾರ ಮುಖದ ಗುರುತೂ ಇಲ್ಲ. ಮೇಷ್ಟ್ರು ಅಲ್ಲಿ ಹುಲಿಯಾದರು. ಎದುರಿನವನು ಒಂದು ಸಾಲು ಬರೆಯುವಷ್ಟರಲ್ಲಿ ಇವರ ಅರ್ಧ ಪುಟ ಮುಗಿದಿರುತ್ತಿತ್ತು. ತಿರುಗಿ ಉತ್ತರ ಬರದಿದ್ದರೆ ತಾವು ಗೆದ್ದಂತೆ. ಆ ದೇಶದಲ್ಲಿ ರಾತ್ರಿಯಾಗಿ ಅವನು ಮಲಗಿರಬಹುದು ಎಂಬ ವಿಚಾರ ಅವರಿಗೆ ಹೊಳೆಯಲಿಲ್ಲ.

ಅಲ್ಲಿಂದಲೇ ಅವರು ನೀರಿನ ಸುದ್ದಿ ಹೊತ್ತು ತಂದರು. ಪರದೇಶದ ಒಬ್ಬ ಪುಣ್ಯಾತ್ಮ, ಸರಕಾರ ನಳದ ನೀರಿಗೆ ಫ್ಲೋರೈಡ್ ಬೆರೆಸಿ ಜನರನ್ನು ಮಂಕು ಮಾಡುತ್ತಿದೆ, ಇದನ್ನು ಗುಟ್ಟಾಗಿ ಇಟ್ಟಿದೆ ಎಂದು ಬರೆದಿದ್ದ. ಮೇಷ್ಟ್ರು ಅದನ್ನು ಪ್ರಿಂಟ್ ತೆಗೆಸಿ, ಹೋಟೆಲಿನ ಗೋಡೆಗೆ ಅಂಟಿಸಿ, ಎಲ್ಲರಿಗೂ ಬಿಡಿಸಿ ಹೇಳಿದರು. ನಳದ ನೀರು ವಿಷ. ನೆಲದ ನೀರು ಶುದ್ಧ. ಹಾಗಾದರೆ ಬೋರಿಂಗಿಗೆ ಕೆಂಪು ಬಣ್ಣ ಯಾಕೆ? ಒಳ್ಳೆಯ ನೀರಿಗೆ ಜನ ಹೋಗದಿರಲಿ ಎಂದು. ಇಂಗ್ಲಿಷಿನಲ್ಲಿ ಅಚ್ಚಾದ ಕಾಗದ, ಅದೂ ಗೋಡೆಯ ಮೇಲೆ. ಹತ್ತು ದಿನದೊಳಗೆ ಊರಿನ ಮುಕ್ಕಾಲು ಕೊಡಗಳು ಮತ್ತೆ ಗುಡಿಯ ಮುಂದೆ ಸಾಲಾಗಿ ನಿಂತವು.

ನಗುವ ಮಾತು ಅಂದರೆ ನಗುವ ಮಾತೇ. ಆದರೆ ಅವರ ಸೊಸೆ ಅರ್ಚನಾಳಿಗೆ ನಗು ಬರಲಿಲ್ಲ. ಅವಳಿಗೆ ಇಬ್ಬರು ಹೆಣ್ಣು ಮಕ್ಕಳು. ದೊಡ್ಡವಳು ನಾಗವೇಣಿಗೆ ಹನ್ನೊಂದು ವರ್ಷ. ಹಲ್ಲಿನ ಮೇಲೆಲ್ಲ ಕಂದು ಗೀರು, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಸಣ್ಣವಳು ಸ್ನೇಹಾಗೆ ಮೂರು ವರ್ಷ, ಬಾಯಿ ತುಂಬ ಬೆಳ್ಳಗಿನ ಹಾಲುಹಲ್ಲು. ಅವು ಬಿದ್ದು ಬರುವ ಹಲ್ಲು ಈಗಲೇ ಒಸಡಿನೊಳಗೆ ತಯಾರಾಗುತ್ತಿರುತ್ತವೆ, ಈಗ ಏನು ಕುಡಿಯುತ್ತಾಳೋ ಅದೇ ಆ ಹಲ್ಲಿಗೆ ಎಂದು ಸಿಸ್ಟರ್ ಹೇಳಿದ್ದಳು. ಅದಕ್ಕೇ ಅರ್ಚನಾ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಒಂದು ಬಿಂದಿಗೆ ನಳದ ನೀರು ಬಚ್ಚಿಟ್ಟು, ಸಣ್ಣವಳಿಗೆ ಕುಡಿಸುತ್ತಿದ್ದಳು. ಒಂದು ದಿನ ಮೇಷ್ಟ್ರು ಅದನ್ನು ಕಂಡು, ಮೊಮ್ಮಗಳನ್ನು ಕಾಪಾಡುವ ಉಮೇದಿನಲ್ಲಿ ಎತ್ತಿ ಬಚ್ಚಲಿಗೆ ಸುರಿದರು.

ಮಾವನೆದುರು ದನಿ ಎತ್ತದ ಹುಡುಗಿ ಅವತ್ತು ಎತ್ತಿದಳು. ನಮ್ಮ ಮನೆಗೂ ಕೇಳಿತು.

“ಮಾವಾರ, ದೊಡ್ಡಾಕಿ ಸಾಲಿ ಫೋಟೋದಾಗ ಬಾಯಿ ಮುಚ್ಚಿಕೊಂಡು ನಿಂತಾಳ. ನಗಾದ ಬಿಟ್ಟಾಳ. ಸಣ್ಣಾಕಿಗೂ ಹಂಗ ಆಗ್ಲೇನು?”

ಅದು ನಳದ ನೀರಿನಿಂದಲೇ ಆಗಿರಬೇಕು ಎಂದರು ಮೇಷ್ಟ್ರು.

“ಆಕಿ ಹುಟ್ಟಿದಾಗ ಊರಾಗ ನಳ ಎಲ್ಲಿತ್ರಿ? ಆಕಿ ಕುಡದದ್ದು ಈ ಬೋರಿಂಗಿನ ನೀರ ಅಲ್ಲೇನ್ರಿ?”

ಇದೊಂದು ಒಳ್ಳೆಯ ಪ್ರಶ್ನೆ, ನಾಳೆ ಕೊಟ್ಟೂರಿಗೆ ಹೋಗಿ ಕಟ್ಟೆಯ ಮೇಲೆ ಕೇಳುತ್ತೇನೆ ಎಂದರು ಮೇಷ್ಟ್ರು. ಮನೆಯೊಳಗಿನ ಹಲ್ಲು ಕಣ್ಣಿಗೆ ಕಾಣುತ್ತಿದ್ದರೂ ಪರದೇಶದವನನ್ನು ಕೇಳಬೇಕು! ಅಂಗೈ ಹುಣ್ಣಿಗೆ ಕನ್ನಡಿ ಅಂದರೆ ಇದೇ. ನನಗೆ ಅಷ್ಟು ಸಿಟ್ಟು ಬಂತು, ಸೀದಾ ಹೋಗಿ ಸುಮಂಗಲಾಳನ್ನು ಕರೆತಂದೆ.

ಸುಮಂಗಲಾ ವಾದಕ್ಕೆ ಇಳಿಯಲಿಲ್ಲ. ಮೇಷ್ಟ್ರನ್ನು ಅಂಗಳದಲ್ಲಿ ನಿಲ್ಲಿಸಿ, ಬಗ್ಗಿ ಕಾಲಿನ ಹೆಬ್ಬೆರಳು ಮುಟ್ಟಿರಿ ಎಂದಳು. ಕೈ ಮೊಣಕಾಲಿನ ಕೆಳಗೆ ಇಳಿಯಲಿಲ್ಲ. ಗದ್ದವನ್ನು ಎದೆಗೆ ತಾಗಿಸಿರಿ ಎಂದಳು. ತಾಗಲಿಲ್ಲ. ಎರಡೂ ಕೈ ತಲೆಯ ಹಿಂದಕ್ಕೆ ಒಯ್ಯಿರಿ ಎಂದಳು. ಕೈಗಳು ಅರ್ಧಕ್ಕೇ ನಿಂತವು, ಮೇಷ್ಟ್ರು ಪೊಲೀಸರಿಗೆ ಶರಣಾದವರಂತೆ ಕಂಡರು. ಅದು ಇಂಟರ್‌ನೆಟ್ ಅಂಗಡಿಯ ಕುರ್ಚಿಯ ದೋಷ ಎಂದು ಅವರು ಸಾಧಿಸಿದರು. ಆಗಲೂಬಹುದು, ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ, ವರ್ಷಾನುಗಟ್ಟಲೆ ಫ್ಲೋರೈಡ್ ನೀರು ಕುಡಿದರೂ ಎಲುಬು ಹೀಗೆ ಬಿಗಿಯುತ್ತದೆ ಎಂದಳು ಅವಳು. ಆಮೇಲೆ ಜಗುಲಿಯ ಮೇಲೆ ಕೂತು ನಿಧಾನವಾಗಿ ಹೇಳಿದಳು.

“ಮೇಷ್ಟ್ರ, ನಮ್ಮ ಕಡೆ ಫ್ಲೋರೈಡ್ ಯಾರೂ ಬೆರೆಸಾಂಗಿಲ್ರಿ. ನೆಲದಾಗಿನ ಕಲ್ಲಿನಾಗ ಐತಿ. ಬೋರು ಆಳಕ್ಕ ಹೋದಂಗ ನೀರಿನಾಗ ಕರಗಿ ಮ್ಯಾಲೆ ಬರ್ತೈತಿ. ಬಣ್ಣ ಇಲ್ಲ, ವಾಸನಿ ಇಲ್ಲ, ಕಾಸಿದ್ರೂ ಹೋಗಂಗಿಲ್ಲ. ಆ ದೇಶದವರ ಜಗಳ ಅವರ ನೀರಿಂದು. ನಮ್ಮ ನೀರು ಬ್ಯಾರೆ.”

ಇದೂ ಸರಕಾರದವರು ನಿನಗೆ ಕಲಿಸಿಕೊಟ್ಟ ಪಾಠ, ನೀನೂ ಸಂಬಳ ತಿನ್ನುವವಳೇ ಎಂದರು ಮೇಷ್ಟ್ರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಸುಮಂಗಲಾ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಮಾತೂ ನಂಬಬೇಡಿ, ನೀರಿನ ಕಚೇರಿಯನ್ನೇ ಕೇಳಿ ಎಂದಳು. ಈಗ ಮಾಹಿತಿ ಹಕ್ಕು ಎಂಬ ಕಾನೂನು ಇದೆ, ಯಾರು ಬೇಕಾದರೂ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೇಳಬಹುದು, ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು ಎಂದು ತಿಳಿಸಿದಳು.

ಮೇಷ್ಟ್ರ ಮುಖ ಅರಳಿತು. ಸರಕಾರ ಖಂಡಿತ ಉತ್ತರ ಕೊಡುವುದಿಲ್ಲ, ಅದನ್ನೇ ಸಾಕ್ಷಿಯಾಗಿ ಕಟ್ಟೆಯ ಮೇಲೆ ಹಾಕುತ್ತೇನೆ ಎಂದು ಹಳೆಯ ಮಷಿನ್ನಿನ ಮುಂದೆ ಕೂತೇಬಿಟ್ಟರು. ಎರಡು ದಿನ ಓಣಿಯಲ್ಲಿ ಟಕಟಕ ಸದ್ದು ನಿಲ್ಲಲಿಲ್ಲ. ಮೂರನೇ ದಿನ ಅರ್ಜಿ ಮುಗಿಯಿತು. ಎಂಟು ಪುಟ, ನಲವತ್ತೊಂದು ಪ್ರಶ್ನೆ. ಚಂದ್ರನ ಬಗ್ಗೆ ನಾಲ್ಕು ಪ್ರಶ್ನೆಗಳಿದ್ದವು. ಗುಬ್ಬಿಯ ಬಗ್ಗೆ ಆರು.

ಸುಮಂಗಲಾ ಪೆನ್ನು ಹಿಡಿದು ಪ್ರಶ್ನೆಗಳನ್ನು ಹೊಡೆದುಹಾಕುತ್ತ ಹೋದಳು. ನೀರಿನ ಕಚೇರಿಯಲ್ಲಿ ಚಂದ್ರನ ಕಡತ ಇರುವುದಿಲ್ಲ ಎಂದಳು. ಮೇಷ್ಟ್ರು ಗುಬ್ಬಿಯನ್ನಾದರೂ ಉಳಿಸಿ ಎಂದು ಚೌಕಾಸಿಗೆ ನಿಂತರು. ಅದಕ್ಕೂ ಗೆರೆ ಎಳೆದು ಅವಳು ಹೇಳಿದಳು.

“ಯಾಕ ಮಾಡಿದ್ರಿ, ಹೆಂಗ ಮಾಡಿದ್ರಿ ಅಂತ ಕೇಳಬ್ಯಾಡ್ರಿ. ಅದಕ್ಕ ಅವರು ಏನರ ಬರೀತಾರ. ಅವರ ಹತ್ರ ಇರೋ ಕಾಗದದ ನಕಲು ಕೊಡ್ರಿ ಅಂತ ಕೇಳ್ರಿ. ಕಾಗದಕ್ಕ ಸುಳ್ಳು ಹೇಳಾಕ ಬರಂಗಿಲ್ಲ.”

ಕೊನೆಗೆ ಮೂರು ಸಾಲು ಉಳಿದವು. ಬೋರಿಂಗಿನ ನೀರಿನ ಪರೀಕ್ಷಾ ವರದಿಯ ನಕಲು. ನಳದ ನೀರಿನ ಪರೀಕ್ಷಾ ವರದಿಯ ನಕಲು. ಕೆಂಪು ಬಣ್ಣದ ಬಗ್ಗೆ ಊರಿಗೆ ತಿಳಿಸಲು ಯಾರಿಗೆ ಪತ್ರ ಬರೆದಿದ್ದರೋ ಅದರ ನಕಲು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ, ರಿಜಿಸ್ಟರ್ ಮಾಡಿ ಕಳಿಸಿದರು.

ಉತ್ತರ ಬರುವವರೆಗೆ ಮನೆಯಲ್ಲಿ ಯಾವ ನೀರು? ಬೋರಿಂಗಿನದೇ ಎಂದರು ಮೇಷ್ಟ್ರು. ಹಾಗಾದರೆ ನೀವೇ ತನ್ನಿರಿ ಎಂದು ಅರ್ಚನಾ ಕೊಡವನ್ನು ಅವರ ಮುಂದೆ ಇಟ್ಟಳು. ವಾದದಲ್ಲಿ ಸೋಲದ ಮೇಷ್ಟ್ರು ಮೂರು ಕೊಡ ಒತ್ತಿ, ಮೂರನೆಯದನ್ನು ಹೊತ್ತು ಮನೆ ಸೇರುವಷ್ಟರಲ್ಲಿ ನೆಟ್ಟಗಾಗಲಾರದೆ ಗೋಡೆ ಹಿಡಿದು ನಿಂತರು. ಮರುದಿನದಿಂದ ಯಾವ ನೀರು ಬಂದರೂ ಅವರು ಕೇಳಲಿಲ್ಲ. ಇಬ್ಬರು ಮಕ್ಕಳೂ ನಳದ ನೀರು ಕುಡಿದರು.

ಇಪ್ಪತ್ತೇಳನೇ ದಿನ ಪೋಸ್ಟ್‌ಮನ್ ದೊಡ್ಡಬೀರಪ್ಪ ದಪ್ಪ ಲಕೋಟೆ ತಂದ. ಮೇಷ್ಟ್ರು ಒಡೆದು ನೋಡಿದರು. ಸರಕಾರ ಏನನ್ನೂ ಮುಚ್ಚಿಟ್ಟಿರಲಿಲ್ಲ. ಕೇಳಿದ ಮೂರೂ ಕಾಗದ ಸಹಿ ಮೊಹರಿನ ಸಮೇತ ಬಂದಿದ್ದವು. ಅವರಿಗೆ ಎಷ್ಟು ನಿರಾಸೆಯಾಯಿತೆಂದರೆ, ನನಗೇ ಪಾಪ ಅನ್ನಿಸಿತು.

ಈ ಸಲ ಅವರು ನಿಧಾನವಾಗಿ ಓದಿದರು. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದ ನಿಂತು ಓದಿದರು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ ಒಂದೂವರೆ ಮಿಲಿಗ್ರಾಂ ದಾಟಬಾರದು. ನಳದ ನೀರಿನಲ್ಲಿ ಅರ್ಧ ಮಿಲಿಗ್ರಾಂ ಇತ್ತು. ಬೋರಿಂಗಿನಲ್ಲಿ ನಾಲ್ಕಕ್ಕೂ ಮೇಲೆ. ಮೂರನೇ ಕಾಗದ ಒಂದು ಪತ್ರ. ಈ ಬೋರಿಂಗಿನ ನೀರು ಕುಡಿಯಬಾರದೆಂದು ಊರಿನಲ್ಲಿ ಡಂಗುರ ಸಾರಿಸಿ ಎಂದು ಬಣ್ಣ ಬಳಿದ ವಾರವೇ ನಮ್ಮ ಪಂಚಾಯ್ತಿಗೆ ಬರೆದದ್ದು. ತಲುಪಿದೆ ಎಂದು ಪಂಚಾಯ್ತಿಯ ಸೀಲೂ ಬಿದ್ದಿತ್ತು. ಒಂದು ವರ್ಷ ಆ ಪತ್ರ ಯಾರದೋ ಡ್ರಾಯರಿನಲ್ಲಿ ನಿದ್ದೆ ಮಾಡಿತ್ತು.

ಮೇಷ್ಟ್ರು ಕಾಗದ ಹಿಡಿದು ಸೀದಾ ಬೋರಿಂಗಿಗೆ ಹೋದರು. ಅಲ್ಲಿದ್ದ ಹೆಂಗಸರಿಗೆ ಕನ್ನಡದಲ್ಲಿ ಅರ್ಥ ಮಾಡಿ ಹೇಳಿದರು. ಅವರಲ್ಲೊಬ್ಬಳಾದ ಗಾದೆಮ್ಮ ತುಂಬಿದ ಕೊಡವನ್ನು ಅಲ್ಲೇ ಬಗ್ಗಿಸಿ ಚೆಲ್ಲಿದಳು. ನೀವೇ ಅಲ್ಲವೇ ಕುಡಿಸಿದ್ದು ಎಂದು ಕೇಳಿಯೂ ಕೇಳಿದಳು. ಮೇಷ್ಟ್ರು ತಲೆ ತಗ್ಗಿಸಲು ನೋಡಿದರು, ಕುತ್ತಿಗೆ ಬಗ್ಗಲಿಲ್ಲ. ತಪ್ಪಾಯಿತು ಎಂದು ನೇರ ಮುಖ ನೋಡಿಯೇ ಹೇಳಬೇಕಾಯಿತು.

ಅದೇ ವಾರ ಅವರು ಪರೀಕ್ಷೆಯ ಅಂಕಿಗಳನ್ನು ಕಂಪ್ಯೂಟರಿನ ಕಟ್ಟೆಯ ಮೇಲೂ ಹಾಕಿ, ನೀವು ನಿಮ್ಮೂರ ನೀರು ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದರಂತೆ. ಐದೇ ನಿಮಿಷದಲ್ಲಿ ಅವರೆಲ್ಲ ಸೇರಿ ಮೇಷ್ಟ್ರನ್ನು ಸರಕಾರದ ಏಜೆಂಟ್ ಅಂದರು.

ಮರುದಿನ ಜಗುಲಿಯ ಮೇಲೆ ಮೇಷ್ಟ್ರು, ಬೋರಿಂಗಿನ ನೀರು ಕುಡಿಯಬೇಡಿ ಎಂದು ಊರಿನ ಪ್ರತಿ ಮನೆಗೂ ಒಂದೊಂದು ಕನ್ನಡದ ಚೀಟಿ ಬರೆಯುತ್ತ ಕೂತಿದ್ದರು. ನಾಗವೇಣಿ ತಂಗಿಯನ್ನು ಎತ್ತಿಕೊಂಡು ಬಂದು ಕೇಳಿದಳು.

“ಅಜ್ಜಾ, ನನ್ನ ಹಲ್ಲು ಹೋಗ್ಲಿ ಬಿಡು. ಈಕಿ ಹಲ್ಲು ಬೆಳ್ಳಗ ಬರ್ತಾವನು?”

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಎಲ್ಲ ಪ್ರಶ್ನೆಗೂ ಅರ್ಧ ಪುಟ ಉತ್ತರ ಕೊಡುತ್ತಿದ್ದವರು ಸಣ್ಣವಳ ಗದ್ದ ಹಿಡಿದು ಆ ಹಾಲುಹಲ್ಲುಗಳನ್ನು ನೋಡಿದರು. ಕಣ್ಣಲ್ಲಿ ನೀರು ಬಂತು.

“ನನಗ ಗೊತ್ತಿಲ್ಲವ್ವ. ನಡಿ, ಸಿಸ್ಟರ್‌ನ ಕೇಳೂಣು.”

ಮೂವರೂ ಹೋಗಿ ಕೇಳಿದರು. ಇವತ್ತಿನಿಂದ ಒಳ್ಳೆಯ ನೀರೇ ಕುಡಿಸಿದರೆ ಬೆಳ್ಳಗೆ ಬರುವ ಸಾಧ್ಯತೆ ಬಹಳ ಇದೆ, ಹಾಲು, ನುಗ್ಗೆಸೊಪ್ಪು, ನೆಲ್ಲಿಕಾಯಿಯನ್ನೂ ಕೊಡಿ ಎಂದಳು ಸುಮಂಗಲಾ. ದೊಡ್ಡವಳ ಹಲ್ಲನ್ನೂ ದಂತ ವೈದ್ಯರಿಗೆ ತೋರಿಸಿ, ಅದಕ್ಕೂ ಉಪಾಯ ಉಂಟು ಎಂದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮಗೊಂದು ಮಾತು. ನಿಮ್ಮೂರಲ್ಲೂ ಕೆಂಪು ಬಳಿದ ಬೋರಿಂಗ್ ಇದ್ದರೆ ಅದರ ನೀರು ಕುಡಿಯಬೇಡಿ, ಕಾಸಿಯೂ ಕುಡಿಯಬೇಡಿ. ಬಣ್ಣ ಬಳಿಯದ ಬೋರಿಂಗ್ ಇದ್ದರೆ ಅದು ಪರೀಕ್ಷೆಯಾಗಿದೆಯೇ ಎಂದು ಕೇಳಿ. ಸರಕಾರ ಮುಚ್ಚಿಟ್ಟಿದೆ ಎಂಬ ಅನುಮಾನ ಬಂದರೆ ಬರಲಿ, ಅನುಮಾನ ಪಡುವುದು ತಪ್ಪಲ್ಲ. ಆದರೆ ಅದನ್ನು ಹೋಟೆಲಿನ ಗೋಡೆಗೆ ಅಂಟಿಸಬೇಡಿ, ಅರ್ಜಿಯಲ್ಲಿ ಬರೆಯಿರಿ. ಬಿಳಿ ಹಾಳೆ ಸಾಕು, ಕನ್ನಡ ಸಾಕು, ಶುಲ್ಕ ಹತ್ತೇ ರೂಪಾಯಿ. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಿ, ಬಿಡಬೇಡಿ. ನಿಮ್ಮ ಮನೆಯಲ್ಲೂ ಮೂರು ವರ್ಷದ ಮಗು ಇರಬಹುದು. ವಾದ ಯಾವಾಗ ಮುಗಿಯುತ್ತದೋ ಗೊತ್ತಿಲ್ಲ, ಆ ಮಗುವಿಗೆ ಈಗಲೇ ಬಾಯಾರಿದೆ. ಲೋಟಕ್ಕೆ ಯಾವ ನೀರು ಹಾಕುತ್ತೀರಿ, ಮೊದಲು ಅದನ್ನು ನೋಡಿ.