ತೇಲುವ ಕ್ಷೌರದಂಗಡಿಗೆ ಭಾರ ತುಂಬಿದ್ದು

ಖಾಲಿ ಪೀಪಾಯಿಗಳ ಮೇಲೆ ಹಲಗೆ ಬಿಗಿದು ಕೆರೆಯಂಚಿನಲ್ಲಿ ತೇಲಿಬಿಟ್ಟ ಕ್ಷೌರದಂಗಡಿ ಅದು. ತಂಪು ಗಾಳಿ, ಎದುರಿಗೆ ತಿಳಿನೀರು, ಒಂದೇ ಕುರ್ಚಿ. ಗಿರಾಕಿಗಳು ಗಡ್ಡ ಬೋಳಿಸಿಕೊಳ್ಳುತ್ತಲೇ ಗೊರಕೆ ಹೊಡೆಯುತ್ತಿದ್ದರು. ಕ್ಷೌರಿಕನಿಗೆ ಬೇರೆ ಸುಖ ಬೇಕಿರಲಿಲ್ಲ. ಅಷ್ಟರಲ್ಲಿ ಅವನ ಭಾವ ದೋಣಿ ಕೊಂಡ.

ಅಂತಿಂಥ ದೋಣಿಯಲ್ಲ. ಹೊಟ್ಟೆಯೊಳಗಿನ ಟ್ಯಾಂಕುಗಳಿಗೆ ಕೆರೆಯ ನೀರನ್ನೇ ಕುಡಿದು, ಭಾರವಾಗಿ ಕುಕ್ಕರಿಸಿ, ಬೆನ್ನ ಹಿಂದೆ ಭಾರಿ ಅಲೆ ಎಬ್ಬಿಸುವ ದೋಣಿ. ಆ ಅಲೆಯ ಮೇಲೆ ಹಲಗೆ ಹತ್ತಿ ಜಾರುವುದೇ ಮಜವಂತೆ! ಆ ಅಲೆ ದಡದ ಮಣ್ಣು ಕೆಡವಿತು, ತಳದ ಕೆಸರು ಕದಡಿ ನೀರನ್ನು ರಾಡಿ ಮಾಡಿತು, ಬಾತುಕೋಳಿಗಳ ಗೂಡು ಕೊಚ್ಚಿಕೊಂಡು ಹೋಯಿತು. ಅಂಗಡಿಯನ್ನಂತೂ ತೊಟ್ಟಿಲಿನಂತೆ ತೂಗಿತು. ಅಂಚೆಯವನ ಅರ್ಧ ಮೀಸೆ ಹೋಯಿತು. ಮೇಷ್ಟ್ರ ಒಂದು ಹುಬ್ಬು ಹೋಯಿತು. ಆಮೇಲೆ ಗಿರಾಕಿಗಳೇ ಹೋದರು.

ಅಕ್ಕನ ಗಂಡ, ಬಾಯಿಗೆ ಬಂದಂತೆ ಬೈಯುವ ಹಾಗಿಲ್ಲ. ಮೆಲ್ಲಗೆ ಹೇಳಿ ನೋಡಿದ.

"ಭಾವ, ಸ್ವಲ್ಪ ಆಚೆ ಓಡಿಸಿ. ಹೀಗಾದ್ರೆ ಅಂಗಡಿ ಮುಚ್ಚಬೇಕಾಗುತ್ತೆ. ನಂಗೆ ಬೇರೆ ಕೆಲಸ ಬರಲ್ಲ."

"ನಿನ್ನ ಅಂಗಡಿ ಹಗುರ ಕಣೋ, ಅದಕ್ಕೇ ಕುಣಿಯುತ್ತೆ. ನನ್ನ ದೋಣಿ ನೋಡು, ಭಾರ ತುಂಬಿದ್ರೆ ಹೇಗೆ ಗಟ್ಟಿಯಾಗಿ ಕೂರುತ್ತೆ!"

ಪಾಪ, ಕ್ಷೌರಿಕ ಅದನ್ನು ನಂಬಿಬಿಟ್ಟ. ಕುರ್ಚಿಯ ಸುತ್ತ ದೊಡ್ಡ ದೊಡ್ಡ ಡ್ರಮ್ಮುಗಳನ್ನಿಟ್ಟು ಕಂಠಮಟ್ಟ ನೀರು ತುಂಬಿದ. ಅಂಗಡಿ ಗಟ್ಟಿಯಾಗಿ ಕೂತಿತು, ನಿಜ. ಹೊಸ್ತಿಲು ಮಾತ್ರ ನೀರಿಗಿಂತ ನಾಲ್ಕೇ ಬೆರಳು ಮೇಲಿತ್ತು. ಹಿರಿಹಿರಿ ಹಿಗ್ಗಿ ಭಾವನನ್ನೇ ಕ್ಷೌರಕ್ಕೆ ಕರೆದ. ಭಾವ ದೋಣಿಯನ್ನು ಅಕ್ಕನ ಕೈಗೆ ಕೊಟ್ಟು ಬಂದು ಕೂತ. ಅಕ್ಕ ಎಷ್ಟೋ ದಿನದಿಂದ ಇದಕ್ಕೇ ಕಾದಿದ್ದಳು.

ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ನೊರೆಯಿತ್ತು. ಅಲೆ ಬಂತು. ಭಾವ ಹೇಳಿದ್ದು ಸುಳ್ಳಾಗಲಿಲ್ಲ, ಅಂಗಡಿ ಒಂದಿಷ್ಟೂ ಅಲುಗಾಡಲಿಲ್ಲ. ನೆಟ್ಟಗೆ ಮುಳುಗತೊಡಗಿತು.

"ಯಾವ ತಲೆಕೆಟ್ಟೋನೋ ಅದು, ದಡದ ಹತ್ರ ಹೀಗೆ ಓಡಿಸೋನು!" ಭಾವ ಕಿರುಚಿದ.

"ಅಕ್ಕ," ಎಂದ ಕ್ಷೌರಿಕ, ಕತ್ತಿಯನ್ನು ತಲೆಯ ಮೇಲೆತ್ತಿ ಹಿಡಿದು. ಅವನಿಗೆ ಅಳು ಬಂದಿತ್ತು.

ಭಾವ ಎರಡೂ ಕೈ ಬೀಸಿ, "ನಿಲ್ಲಿಸೇ!" ಎಂದು ಅರಚಿದ. ಗಂಡ ಹುರಿದುಂಬಿಸುತ್ತಿದ್ದಾನೆಂದುಕೊಂಡ ಅಕ್ಕ ತಾನೂ ಕೈ ಬೀಸಿ, ಇನ್ನೊಂದು ಸುತ್ತಿಗೆ ದೋಣಿ ತಿರುಗಿಸಿದಳು. ಭಾವ ನೊರೆಮೂತಿಯಲ್ಲೇ ಡ್ರಮ್ಮೊಂದನ್ನು ತಬ್ಬಿ ಹೊರಗೆ ಉರುಳಿಸಿದ.

"ಏನೋ ನೋಡ್ತಾ ನಿಂತಿದ್ದೀಯ? ಹಿಡಿಯೋ! ನಮ್ಮ ಅಂಗಡಿ ಮುಳುಗ್ತಿದೆ!"

ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರೂ, ಆ 'ನಮ್ಮ' ಕೇಳಿ ಕ್ಷೌರಿಕನಿಗೆ ಜೀವ ಬಂದ ಹಾಗಾಯಿತು.