ಬರೆಯದೆ ಉಳಿದ ಮೂಡಣ

ಅಣ್ಣನ ಮಕ್ಕಳದ್ದು ನೆಲ, ತಂಗಿಯ ಮಕ್ಕಳದ್ದು ಕಾವಲು. ಆ ಕೆಂಪು ಮರಳಿನ ಸೀಮೆಯ ಕಟ್ಟಳೆಯೇ ಹಾಗೆ. ಅಪ್ಪನ ನೆಲದ ಚಿತ್ರ ಬರೆಯುವ ಹಕ್ಕು ಎಲ್ಮಾಳದ್ದು, ನಿಜ. ಆದರೆ ಅತ್ತೆಯ ಮಗಳು ಟಿಲ್ಲಿ ಪಕ್ಕದಲ್ಲಿ ಕೂತು ‘ಹೂಂ’ ಅನ್ನದೆ ಒಂದು ಚುಕ್ಕೆ ಇಡುವ ಹಾಗಿಲ್ಲ.

ಕಾವಲು ಅಂದರೆ ಟಿಲ್ಲಿಯದೇ ಕಾವಲು. ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಕೈಮೇಲೆ ಕೋಲು ಬೀಳುತ್ತಿತ್ತು.

“ನಿನ್ನಪ್ಪನ ದಾರೀನ ಹಿಂಗೆ ಸೊಟ್ಟ ಮಾಡ್ತೀಯಲ್ಲೇ, ಒಂಟೆ ಜೊತೆ ಬೆಳೆದೆಯಾ?”

“ನಿಮ್ಮ ಮೂಗಿಗಿಂತ ನೆಟ್ಟಗೈತೆ ಬಿಡಿ ಅತ್ತಿಗೆ.”

ಚಿತ್ರದ ಶೆಡ್ಡಿನ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆದಿಕಾಲದ ಅಜ್ಜಿಯರು ನೀರಿನ ಗುಂಡಿಯಿಂದ ಗುಂಡಿಗೆ ನಡೆದ ದಾರಿಯ ಚಿತ್ರ ಅದು. ಹಿರಿಯರ ಗೌರವಕ್ಕೆಂದು ಊರಿನ ಶಾಲೆಯಲ್ಲಿ ತೂಗುಹಾಕಬೇಕಿತ್ತು. ಪಡುವಣ ಮುಗಿಯಿತು, ನಡುಭಾಗ ಮುಗಿಯಿತು. ಮೂಡಣದ ಗುಂಡಿಗಳನ್ನು ಕಂಡವಳು ಟಿಲ್ಲಿ ಒಬ್ಬಳೇ, ಅದೂ ತಾಯಿಯ ಸೊಂಟದ ಮೇಲೆ ಕೂತು. “ಅವಸರ ಯಾಕೆ? ನಾನೇನು ಓಡಿಹೋಗ್ತೀನಾ?” ಅನ್ನುತ್ತಿದ್ದಳು. ಅಷ್ಟರಲ್ಲಿ ಮೂತ್ರಪಿಂಡ ಕೈಕೊಟ್ಟಿತು. ರಕ್ತ ತೊಳೆಸಿಕೊಳ್ಳಲು ದೂರದ ಆಲಿಸ್ ಪಟ್ಟಣ ಸೇರಿದಳು. ಇತ್ತ ಊರಿನಲ್ಲಿ ಒಂದರ ಹಿಂದೆ ಒಂದು ಸಾವು. ಸೂತಕದಲ್ಲಿ ಕುಂಚ ಹಿಡಿಯುವಂತಿಲ್ಲ. ಎಲ್ಮಾ ಚಿತ್ರದ ಬಟ್ಟೆ ಸುತ್ತಿಕೊಂಡು ಬಸ್ಸು ಹತ್ತುವ ಹೊತ್ತಿಗೆ ಎರಡು ಚಳಿಗಾಲ ಕಳೆದಿದ್ದವು.

ರೋಗಿಗಳು ತಂಗುವ ಆಶ್ರಮದ ಜಗಲಿಯಲ್ಲಿ ಟಿಲ್ಲಿ ಚಹಾ ಕುಡಿಯುತ್ತ ಕೂತಿದ್ದಳು. ಎಲ್ಮಾ ಚಿತ್ರ ಬಿಚ್ಚಿ, ಬಣ್ಣ ಮುಟ್ಟದೆ, ಕುಂಚದ ಹಿಂತುದಿಯಿಂದ ಅಂದಾಜಿನಲ್ಲಿ ಒಂದು ಗುಂಡಿ ತೋರಿಸಿದಳು.

“ಇಲ್ಲೇನಾ ಅತ್ತಿಗೆ?”

“ಹೂಂ.”

ಇನ್ನೂ ಆಚೆ ತೋರಿಸಿದಳು. “ಇಲ್ಲೇನಾ?”

“ಹೂಂ, ಹೂಂ.”

ಒಂದೇ ಗುಂಡಿಗೆ ಎರಡು ಕಡೆಯೂ ಹೂಂ. ಎಲ್ಮಾ ಬೇಕೆಂದೇ ತುದಿಯನ್ನು ಗಂಡಸರ ಗುಡ್ಡದ ಮೇಲೆ ಹಾಯಿಸಿದಳು. ಹೆಂಗಸರ ದಾರಿ ಅತ್ತ ಹಾಯುವುದೆಂದರೆ ಅದಕ್ಕಿಂತ ದೊಡ್ಡ ತಪ್ಪು ಆ ಸೀಮೆಯಲ್ಲೇ ಇಲ್ಲ.

“ಹೂಂ,” ಅಂದು ಟಿಲ್ಲಿ ನಕ್ಕಳು.

“ತಪ್ಪಲ್ವಾ ಅತ್ತಿಗೆ? ಬೈಯಿರಿ ನನ್ನ. ಹೊಡೀರಿ ಬೇಕಾದ್ರೆ.”

“ಯಾಕವ್ವಾ ಬೈಲಿ? ಎಷ್ಟು ಚಂದ ಬರೀತೀಯ. ಯಾರ ಮಗಳು ನೀನು?”

“ನಿಮ್ಮ ಮಾವನ ಮಗಳು,” ಅಂದಳು ಎಲ್ಮಾ.

ಟಿಲ್ಲಿಯ ಮುಖ ಅರಳಿತು. ಸತ್ತವರ ಹೆಸರು ಯಾರ ಬಾಯಲ್ಲಿ ಜಾರಿದರೂ ಊರಿನ ಬಾಯನ್ನೇ ಮುಚ್ಚಿಸುತ್ತಿದ್ದ ಹೆಂಗಸು, ಒಳಮನೆಯಲ್ಲಿದ್ದವನನ್ನು ಕೂಗುವಂತೆ ಎಲ್ಮಾಳ ಅಪ್ಪನ ಹೆಸರನ್ನು ಬಾಯ್ತುಂಬ ಕೂಗಿದಳು. “ಅವನನ್ನೇ ಕೇಳು, ಅವನಿಗೆಲ್ಲ ಗೊತ್ತು,” ಅಂದಳು.

ಅವನನ್ನು ಮಣ್ಣು ಮಾಡಿದ ಮೇಲೆ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. ಎಲ್ಮಾ ಗದರಬೇಕಿತ್ತು, ಆಗಲಿಲ್ಲ. ಕಾವಲಿನವಳು ‘ಹೂಂ’ ಅಂದಾಗಿತ್ತು. ಮೂಡಣವನ್ನು ತನಗೆ ತೋಚಿದಂತೆ ತುಂಬಿದರೂ ಕೇಳುವವರು ಯಾರೂ ಇರಲಿಲ್ಲ. ಅದನ್ನು ನೆನೆದೇ ಅವಳಿಗೆ ಅಳು ಒತ್ತರಿಸಿ ಬಂತು. ಆ ಬರಿಯ ಬಟ್ಟೆಯ ಮೇಲೆ ಮುಖವಿಟ್ಟು ಅತ್ತಳು.