ಎಡಗಡೆಯ ಮೂಲೆ

ಗ್ಯೂರಿ ಕಿರುಚಿದ್ದು ಕೇಳಿ ದೊಸಿಕ್ ತನ್ನ ಲಾಂಡ್ರಿ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಯಾರದೋ ಕೋಟಿನ ಮೇಲೆಯೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದ. ಮಗಳು ಮೇಜಿನ ಮುಂದೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದಳು. ಲ್ಯಾಪ್‌ಟಾಪಿನ ಪರದೆಯ ತುಂಬ ಹಸಿರು, ನೇರಳೆ ಗೆರೆಗಳು, ನೆನೆಹಾಕಿದ ಬಟ್ಟೆ ಬಣ್ಣ ಬಿಟ್ಟ ಹಾಗೆ. ಗೆರೆಗಳ ಹಿಂದೆ ಎದುರಾಳಿಯ ಕಾಯಿಗಳನ್ನು ಸುತ್ತುವರಿದು ಹಿಡಿಯುವ ಬಾದುಕ್ ಆಟದ ಮಣೆಯ ಕರಿ ಬಿಳಿ ಕಾಯಿಗಳು ಒಂದು ಗಳಿಗೆ ಮಸುಕಾಗಿ ಕಂಡು, ಆಮೇಲೆ ಎಲ್ಲವೂ ಕಪ್ಪಾಯಿತು.

"ಏನಾಯ್ತೇ?"

"ಸತ್ತೋಯ್ತಪ್ಪಾ! ನಾನೇನೂ ಮಾಡ್ಲಿಲ್ಲ. ಸುಮ್ನೆ ಯೋಚ್ನೆ ಮಾಡ್ತಾ ಕೂತಿದ್ದೆ, ಅಷ್ಟೆ!"

ಕೆಳಗಿನಿಂದ ಉಣ್ಣೆ ಸುಟ್ಟ ವಾಸನೆ ಬರತೊಡಗಿತು. ಇಬ್ಬರಿಗೂ ಅದರ ಕಡೆ ಲಕ್ಷ್ಯವಿರಲಿಲ್ಲ.

ವೃತ್ತಿಪರ ಆಟಗಾರ್ತಿಯರ ಆಯ್ಕೆಗೆ ಗ್ಯೂರಿ ನಿಂತದ್ದು ಇದು ಮೂರನೆಯ ಸಲ. ಮೊದಲ ಸುತ್ತುಗಳನ್ನು ಅವರವರ ಮನೆಯಿಂದಲೇ ಆಡಬೇಕು. ಬಾದುಕ್ ಸಂಘದವರು ತಪಾಸಣೆ ಮಾಡಿ ನೋಂದಾಯಿಸಿಕೊಂಡ ಯಂತ್ರ ಅದೊಂದೇ; ಈ ಸುತ್ತುಗಳು ಮುಗಿಯುವ ತನಕ ಅದನ್ನು ಬದಲಿಸುವ ಹಾಗಿಲ್ಲ. ಆಟಗಾರ್ತಿಯ ಪಕ್ಕದಲ್ಲಿ ಒಂದು ಫೋನು ನಿಲ್ಲಿಸಿಟ್ಟು ಅವಳ ಕೈ, ಮೇಜು, ಪರದೆ ಎಲ್ಲವೂ ರಾಜಧಾನಿ ಸೋಲ್‌ನಲ್ಲಿ ಕೂತ ತೀರ್ಪುಗಾರರಿಗೆ ಕಾಣುವಂತೆ ಮಾಡಿರಬೇಕು. ಆ ದಿನದ ತೀರ್ಪುಗಾರ್ತಿ ಪ್ಯೊ ಮೇಡಂ ಎಲ್ಲವನ್ನೂ ನೋಡಿದ್ದರು. ಯಂತ್ರ ಕೆಟ್ಟದ್ದು ಯಾರ ತಪ್ಪೂ ಅಲ್ಲ ಅಂದರು. ನಿಂತ ಆಟವನ್ನು ಮುಂದುವರಿಸಿದರೆ ನಡುವೆ ಯಾರಾದರೂ ಕಂಪ್ಯೂಟರನ್ನು ಕೇಳಿ ನಡೆ ತಿಳಿದುಕೊಳ್ಳಬಹುದು, ಆದ್ದರಿಂದ ಹೊಸ ಆಟವೇ ಆಗಬೇಕು ಎಂದು ಹೇಳಿ ಸಂಜೆಗೆ ಸಮಯ ಕೊಟ್ಟರು. ಅಷ್ಟರಲ್ಲಿ ಲ್ಯಾಪ್‌ಟಾಪ್ ತಣ್ಣಗಾಗಿ ಏನೂ ಆಗಿಲ್ಲವೆಂಬಂತೆ ಎದ್ದಿತು. ಸೋಲುವ ಅಂಚಿನಲ್ಲಿದ್ದ ಗ್ಯೂರಿ ಹೊಸ ಆಟವನ್ನು ಗೆದ್ದಳು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮಲ್ಸುಕ್‌ಗೆ ನಗು ತಡೆಯಲಾಗಲಿಲ್ಲ. "ಗೆದ್ದಿದ್ದು ಇವ್ಳಲ್ಲ ಕಣ್ರೀ, ಆ ಹಳೇ ಡಬ್ಬ. ಹಬ್ಬದ ದಿನ ನಿಮ್ಮಪ್ಪನ ಫೋಟೋ ಪಕ್ಕ ಅದಕ್ಕೂ ಒಂದು ಎಡೆ ಇಟ್ಬಿಡೋಣ."

"ಅಮ್ಮಾ, ಹಂಗೆಲ್ಲ ಅನ್ಬೇಡ," ಎಂದಳು ಗ್ಯೂರಿ. "ಆ ಹುಡ್ಗಿ ಪಾಪ, ಎಷ್ಟು ಚೆನ್ನಾಗಿ ಆಡಿದ್ಲು ಗೊತ್ತಾ?"

ದೊಸಿಕ್ ಕಿಮ್ಚಿ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ.

ಮರುದಿನ ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಕೂ ಎಂಬವನ ಹತ್ತಿರ ಹೋದ. ಕೂ ಅದನ್ನು ಹಚ್ಚಿ, ಸ್ವಲ್ಪ ಹೊತ್ತು ಬಿಸಿಯಾಗಲು ಬಿಟ್ಟು, ಗೆರೆಗಳು ಮೂಡಿದ ಕೂಡಲೆ ತಲೆಯಾಡಿಸಿದ.

"ಗ್ರಾಫಿಕ್ಸ್ ಚಿಪ್ ಅಣ್ಣಾ. ಪರದೆ ಮೇಲೆ ಚಿತ್ರ ಬರ್ಸೋದು ಅದೇ. ಅದರಡೀಲಿ ನವಣೆ ಕಾಳಿನಷ್ಟು ಬೆಸುಗೆ ಗುಂಡುಗಳಿರ್ತವೆ. ಕಾದು, ಆರಿ, ಮತ್ತೆ ಕಾದು, ಬಿರುಕು ಬಿಟ್ಟಿವೆ. ತಾಕಿದ್ರೆ ಬದುಕ್ತದೆ, ತಪ್ಪಿದ್ರೆ ಸಾಯ್ತದೆ."

"ಹೊಸದು ಹಾಕೋದಕ್ಕಾಗಲ್ವಾ?"

"ಚಿಪ್ ಬರೋಕೆ ತಿಂಗಳಾಗ್ಬೋದು. ಅಲ್ಲೀವರ್ಗೂ ಹಸುಗೂಸನ್ನ ನೋಡ್ಕೊಂಡಂಗೆ ನೋಡ್ಕೊಳ್ಳಿ. ಪಕ್ಕದಲ್ಲಿ ಫ್ಯಾನ್ ಇಡಿ. ಮತ್ತೆ ಇಲ್ಲಿ ಮಾತ್ರ ಒತ್ಬೇಡಿ." ಕೂ ಲ್ಯಾಪ್‌ಟಾಪನ್ನು ಮತ್ತೆ ಹಚ್ಚಿ, ಕೀಲಿಗಳ ಎಡಗಡೆಯ ಮೂಲೆಯ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಅದುಮಿದ. ಸದ್ದೇ ಇಲ್ಲ. ಪರದೆ ಹಸಿರಾಗಿ, ನೇರಳೆಯಾಗಿ, ಆರಿಹೋಯಿತು. "ನೋಡಿದ್ರಾ? ಇಷ್ಟೇ ಸಾಕು."

ಅಷ್ಟು ಸುಲಭವೆಂದು ದೊಸಿಕ್ ಎಣಿಸಿರಲಿಲ್ಲ.

ಶನಿವಾರ ಕೊನೆಯ ಆಟ. ಗೆದ್ದವಳು ಮುಂದಿನ ಸುತ್ತುಗಳಿಗೆ ಸೋಲ್‌ಗೆ ಹೋಗುತ್ತಾಳೆ. ಎದುರಾಳಿ ಸೊಕ್ಚೊ ಊರಿನ ಬಾನ್ ಹಾಯುನ್, ಇನ್ನೂ ಹದಿಮೂರರ ಹುಡುಗಿ. ಹಿಂದಿನ ಸಲ ಯಂತ್ರ ಕೈಕೊಟ್ಟಿದ್ದರಿಂದ ಪ್ಯೊ ಮೇಡಂ ದೊಸಿಕ್‌ಗೆ ಒಂದು ವಿಶೇಷ ಅನುಮತಿ ಕೊಟ್ಟಿದ್ದರು: ಮಗಳ ಪಕ್ಕದಲ್ಲಿ ಕೂತು ಸಣ್ಣ ಫ್ಯಾನಿನಿಂದ ಲ್ಯಾಪ್‌ಟಾಪಿಗೆ ಗಾಳಿ ಹಿಡಿಯಬಹುದು, ಅದನ್ನು ಸರಿಪಡಿಸಿ ಇಡಬಹುದು. ಬಾಯಿ ಮಾತ್ರ ತೆರೆಯಬಾರದು.

ಹಾಗೆ ಅವನು ವರ್ಷಗಳ ಮೇಲೆ ಮಗಳ ಆಟವನ್ನು ಇಷ್ಟು ಹತ್ತಿರದಿಂದ ನೋಡಿದ. ಅವಳಿಗೆ ಮೊದಲು ಕಾಯಿ ಹಿಡಿಯಲು ಕಲಿಸಿದವನು ಅವನೇ. ಹುಡುಗನಾಗಿದ್ದಾಗ ಅವನೂ ಗುನ್‌ಸಾನ್ ಊರಿನಲ್ಲಿ ಹೆಸರಾಂತ ಆಟಗಾರನೇ. ಅವಳಿಗೆ ಒಂಬತ್ತು ತುಂಬಿದಾಗ ಒಂದು ಮಧ್ಯಾಹ್ನ ಅವನನ್ನು ಸೋಲಿಸಿದಳು. ಆಮೇಲೆ ಅವನು ಅವಳೊಂದಿಗೆ ಆಡಲಿಲ್ಲ, ಅಂಗಡಿಯ ಕೆಲಸ ಹೆಚ್ಚಿದೆ ಎನ್ನುತ್ತಿದ್ದ.

ಆಟ ನಡುವಿಗೆ ಬಂದಿತ್ತು. ಮಣೆಯ ಕೆಳಭಾಗದಲ್ಲಿ ಗ್ಯೂರಿಯ ಕರಿಕಾಯಿಗಳ ದೊಡ್ಡ ಗುಂಪೊಂದನ್ನು ಹಾಯುನ್‌ಳ ಬಿಳಿಕಾಯಿಗಳು ಸುತ್ತುವರಿದಿದ್ದವು. ಗುಂಪು ಉಳಿಯಬೇಕಾದರೆ ಒಳಗೆ ಎರಡು ಕಣ್ಣು, ಎಂದರೆ ಎರಡು ಖಾಲಿ ಮನೆ ಬೇಕು. ದೊಸಿಕ್ ಎಷ್ಟು ಹುಡುಕಿದರೂ ಒಂದೇ ಕಂಡಿತು. ಗುಂಪು ಹೋದರೆ ಆಟ ಹೋದಂತೆ. ಗ್ಯೂರಿ ಅಲುಗದೆ ಕೂತಿದ್ದಳು. ಅವಳ ಸಮಯ ಮುಗಿಯುತ್ತ ಬಂದು, ಲ್ಯಾಪ್‌ಟಾಪಿನೊಳಗಿನ ಹೆಣ್ಣುದನಿ ಸೆಕೆಂಡುಗಳನ್ನು ಎಣಿಸತೊಡಗಿತು. ಅವಳ ಕಿವಿಯ ತುದಿ ಕೆಂಪಾಗಿತ್ತು. ಸೋಲುವಾಗ ಅವಳ ಕಿವಿ ಕೆಂಪಾಗುತ್ತಿತ್ತು, ಚಿಕ್ಕಂದಿನಿಂದಲೂ. ಮೂರನೆಯ ಸಲವೂ ಹೋಯಿತು, ಎಂದುಕೊಂಡ ದೊಸಿಕ್.

ಆಮೇಲೆ ನಡೆದದ್ದನ್ನು ಅವನು ಮಾಡಿದ ಎನ್ನುವುದಕ್ಕಿಂತ ಕಂಡ ಎನ್ನಬೇಕು. ಒಂದು ಕೈ ಚಾಚಿತು, ಲ್ಯಾಪ್‌ಟಾಪನ್ನು ನೆಟ್ಟಗೆ ಮಾಡುವ ಹಾಗೆ. ಉಗಿ ತಾಗಿ ತಾಗಿ ದಡ್ಡುಗಟ್ಟಿದ ಒಂದು ಹೆಬ್ಬೆರಳು ಎಡಗಡೆಯ ಮೂಲೆಯ ಮೇಲೆ ಕೂತಿತು. ಪರದೆ ಹಸಿರಾಯಿತು.

"ಇಲ್ಲ," ಎಂದಳು ಗ್ಯೂರಿ. ಕಿರುಚಲಿಲ್ಲ. ಯಾರಿಗೋ ತಿಳಿಹೇಳುವ ದನಿಯಲ್ಲಿ, "ಇಲ್ಲ, ಇಲ್ಲ, ಈಗಲ್ಲ," ಎನ್ನುತ್ತ ಕಪ್ಪು ಪರದೆಯನ್ನು ಎರಡೂ ಅಂಗೈಗಳಿಂದ ಸವರಿದಳು. ಆಮೇಲೆ ಅವನ ಕಡೆ ತಿರುಗಿದಳು. "ಅಪ್ಪಾ, ನಂಗೆ ಸಿಕ್ಕಿತ್ತು."

"ಏನು ಸಿಕ್ಕಿತ್ತು?"

"ನಡೆ! ಮೂಲೇಲಿ ಮೂರು ಕಾಯಿ ಬಲಿ ಕೊಟ್ಬಿಟ್ರೆ ಅವಳು ತಿನ್ನಲೇಬೇಕು. ತಿಂದ್ರೆ ಸುತ್ತ ಹಾಕಿರೋ ಅವಳ ಬೇಲಿನೇ ಎರಡು ತುಂಡಾಗುತ್ತೆ. ಸಾಯೋದು ನನ್ ಗುಂಪಲ್ಲ, ಅವಳ್ದು. ನಾನು ಗೆದ್ದಾಗಿತ್ತಪ್ಪಾ! ಒಂದ್ಸಲ ಪರೀಕ್ಷೆ ಮಾಡ್ಕೊಂಡು ಇಡೋಣ ಅಂತ... ನಿಂಗೆ ಕಾಣ್ಲಿಲ್ವಾ? ಪಕ್ಕದಲ್ಲೇ ಇದ್ಯಲ್ಲ!"

ದೊಸಿಕ್‌ನ ಕೈಯಲ್ಲಿ ಫ್ಯಾನು ಇನ್ನೂ ಗಿರಗಿರ ತಿರುಗುತ್ತಿತ್ತು. ಅದನ್ನು ಹೇಗೆ ಆರಿಸುವುದೆಂದು ಅವನಿಗೆ ಹೊಳೆಯಲಿಲ್ಲ.

ಅಂಗಡಿಯ ಫೋನು ಬಡಿದುಕೊಂಡಿತು. ಗ್ಯೂರಿಯೇ ಇಳಿದುಹೋಗಿ, ತಂತಿಯಿಲ್ಲದ ಆ ಫೋನನ್ನು ಕಿವಿಗಿಟ್ಟುಕೊಂಡೇ ಮೇಲೆ ಬಂದಳು. ಪ್ಯೊ ಮೇಡಂ ಮಾತು ಅವನಿಗೂ ಕೇಳುತ್ತಿತ್ತು. ಹಾಯುನ್‌ಳ ಗುರು ಆಕ್ಷೇಪ ಎತ್ತಿದ್ದಾರೆ. ಗ್ಯೂರಿ ಸೋಲುವಾಗಲೇ ಯಂತ್ರ ಸಾಯುವುದೇಕೆ ಎಂದು ಕೇಳುತ್ತಿದ್ದಾರೆ.

"ಫೋನಿನ ಕ್ಯಾಮೆರಾದಲ್ಲಿ ನಂಗೆ ತಪ್ಪೇನೂ ಕಾಣ್ತಿಲ್ಲಮ್ಮ," ಎಂದಿತು ಆ ದನಿ. "ನಿಮ್ಮಪ್ಪ ಅದನ್ನ ಸರಿಪಡಿಸಿ ಇಟ್ರು, ಅಷ್ಟೆ. ಆದ್ರೂ ಕೇಳ್ಬೇಕಾದ್ದು ನನ್ನ ಕೆಲಸ. ಅದು ತಾನಾಗೇ ಕೆಟ್ಟಿದ್ದು ತಾನೆ?"

"ತಾನಾಗೇ ಮೇಡಂ! ಸೋಲ್ತಿದ್ದೋಳು ನಾನಲ್ಲ. ನಡೆ ಬರ್ದು ಕಳಿಸ್ತೀನಿ, ನೀವೇ ನೋಡಿ." ಗ್ಯೂರಿಯ ದನಿ ಏರಿತು. "ನಮ್ಮಪ್ಪ ಇಲ್ಲೇ ಇದ್ದಾರೆ. ಅವ್ರನ್ನೇ ಕೇಳಿ."

ಅವಳು ಫೋನನ್ನು ಅವನ ಕಡೆ ಚಾಚಿದಳು. ಆ ಮುಖದಲ್ಲಿ ಅವನ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಹೌದು ಎಂದರೆ ಸಾಕಿತ್ತು. ಹೊಸ ಆಟ ಸಿಗುತ್ತಿತ್ತು. ಮಣೆಯನ್ನು ಇಷ್ಟು ಆಳವಾಗಿ ಓದಬಲ್ಲವಳು ಅದನ್ನೂ ಗೆಲ್ಲುತ್ತಾಳೆ. ಸೊಕ್ಚೊದಲ್ಲಿ ಆ ಹದಿಮೂರರ ಮಗು ಈಗ ಏನು ಮಾಡುತ್ತಿರಬಹುದು ಎಂಬ ಯೋಚನೆ ಎಲ್ಲಿಂದಲೋ ಬಂತು.

"ಹಲೋ?" ಎಂದಿತು ಫೋನು.

"ನಾನು ಒತ್ತಿದೆ," ಎಂದ ದೊಸಿಕ್.

"ಏನಂದ್ರಿ?"

"ಎಡಗಡೆ ಮೂಲೇಲಿ ಒತ್ತಿದ್ರೆ ಅದು ಸಾಯ್ತದೆ. ರಿಪೇರಿಯವ್ನು ತೋರಿಸಿದ್ದ. ಮಗಳಿಗೆ ಗೊತ್ತಿಲ್ಲ. ನಾನೇ ಒತ್ತಿದ್ದು. ಮೊದಲ ಸಲದ್ದು ತಾನಾಗೇ ಆದದ್ದು ಮೇಡಂ, ಅದು ದೇವರಾಣೆ. ಇವತ್ತಿಂದು ನಾನು."

ಗ್ಯೂರಿ ಒಂದು ಹೆಜ್ಜೆ ಹಿಂದೆ ಸರಿದು, ಮಂಚಕ್ಕೆ ಕಾಲು ತಾಗಿ ಅಲ್ಲೇ ಕೂತಳು. ಅವಳ ಬಾಯಿ ಅರ್ಧ ತೆರೆದಿತ್ತು. ಹಲ್ಲು ಕೀಳಿಸಿಕೊಂಡು ಬಂದ ಮಕ್ಕಳ ಮುಖ ಹಾಗಿರುತ್ತದೆ, ನೋವು ಇನ್ನೂ ತಿಳಿದಿರುವುದಿಲ್ಲ.

"ನಾನು ಸೋಲ್ತೀನಿ ಅಂದ್ಕೊಂಡ್ಯಾ?" ಎಂದು ಕೇಳಿದಳು, ಅವನು ಫೋನು ಇಟ್ಟ ಮೇಲೆ.

ದೊಸಿಕ್ ಕೊನೆಗೂ ಫ್ಯಾನು ಆರಿಸಿದ.

"ಮಣೆ ನೋಡಿ ಅಂದ್ಕೊಂಡ್ಯಾ, ನನ್ನ ನೋಡಿ ಅಂದ್ಕೊಂಡ್ಯಾ?"

ಸಂಜೆಯೊಳಗೆ ಸಂಘದ ತೀರ್ಮಾನ ಬಂತು. ಆಟ ಹಾಯುನ್‌ಗೆ. ಗ್ಯೂರಿ ಬರುವ ವರ್ಷ ಮತ್ತೆ ಅರ್ಜಿ ಹಾಕಬಹುದು. ತಂದೆಯಾದವನು ಇನ್ನು ಮುಂದೆ ಯಾವ ಆಟದ ಹತ್ತಿರವೂ ಸುಳಿಯಬಾರದು. ವಿಷಯ ತಿಳಿದ ಮಲ್ಸುಕ್ ಬಾಗಿಲಲ್ಲೇ ನಿಂತು ಗಂಡನನ್ನು ದಿಟ್ಟಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕಿ ತೊಳೆಯತೊಡಗಿದಳು.

ಅವನು ಅಂಗಡಿಗಿಳಿದು ಬಟ್ಟೆಗಳ ನಡುವೆ ಸುಮ್ಮನೆ ನಿಂತಿದ್ದಾಗ ಮೇಲಿನಿಂದ ಗ್ಯೂರಿ ಕರೆದಳು. "ಅಪ್ಪಾ, ಬಾ ಇಲ್ಲಿ."

ನೆಲದ ಮೇಲೆ ಮರದ ಮಣೆ ಇತ್ತು. ಆಟವನ್ನು ಅವಳು ನೆನಪಿನಿಂದಲೇ ಜೋಡಿಸಿದ್ದಳು, ನಿಂತಲ್ಲಿಯ ತನಕ. ಬಿಳಿಕಾಯಿಗಳ ಬಟ್ಟಲನ್ನು ಅವನ ಕಡೆ ತಳ್ಳಿ, ಮೂಲೆಯಲ್ಲಿ ಒಂದು ಕರಿಕಾಯಿ ಇಟ್ಟಳು. ಅವನು ತಿಂದ. ಅವಳು ಇನ್ನೊಂದು ಇಟ್ಟಳು. ಅವನು ಅದನ್ನೂ ತಿನ್ನಬೇಕಾಯಿತು, ಬೇರೆ ದಾರಿಯಿರಲಿಲ್ಲ. ಅವಳು ಅವನ ಮುಖ ನೋಡುತ್ತಿರಲಿಲ್ಲ. ಕಿವಿಗಳು ಮಧ್ಯಾಹ್ನದ ಹಾಗೇ ಕೆಂಪಗಿದ್ದವು. ಬೇಲಿ ಎಲ್ಲಿ ತುಂಡಾಯಿತೆಂದು ದೊಸಿಕ್‌ಗೆ ಗೊತ್ತಾಗುವಷ್ಟರಲ್ಲಿ ಅವಳು ಅವನ ಬಿಳಿಕಾಯಿಗಳನ್ನು ಮಣೆಯಿಂದ ತೆಗೆಯತೊಡಗಿದ್ದಳು, ಒಂದೊಂದಾಗಿ, ಅವಸರವಿಲ್ಲದೆ.

ಕಡೆಯ ಕಾಯಿಯನ್ನೂ ಎತ್ತಿದ ಮೇಲೆ ಮಣೆಯ ಆ ಭಾಗ ಹಳದಿಯಾಗಿ, ಬರಿದಾಗಿ ಉಳಿಯಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಅಡುಗೆಮನೆಯಿಂದ ಅನ್ನ ಬೆಂದ ವಾಸನೆ ಬಂತು. ಮಲ್ಸುಕ್ ಬಟ್ಟಲುಗಳನ್ನು ಹೊರಗಿಡುವ ಸದ್ದು ಕೇಳಿತು, ಒಂದು, ಎರಡು, ಸ್ವಲ್ಪ ತಡೆದು, ಮೂರು.